ಪ್ಲೇಟು ತೊಳೆಯುವ ಅಕ್ಕನ ಹೆಸರೂ ಆ ಹಾಳೆಯಲ್ಲಿ ಇರಲಿ

ರಾಜ್ಯದ ವಿಶ್ವವಿದ್ಯಾಲಯಗಳ ಬಯೋಟೆಕ್ನಾಲಜಿ, ಮೈಕ್ರೋಬಯಾಲಜಿ ಪಠ್ಯಕ್ರಮ ಮಂಡಳಿಗಳ ಸದಸ್ಯರಿಗೆ, ಪದವಿ ಕಾಲೇಜುಗಳ ಪ್ರಿನ್ಸಿಪಾಲರಿಗೆ,

ನಮಸ್ಕಾರ.

ನಾನು 13 ವರ್ಷದಿಂದ ಪದವಿ ಕಾಲೇಜಿನಲ್ಲಿ ಬಯೋಟೆಕ್ ಪಾಠ ಮಾಡುತ್ತಿದ್ದೇನೆ. ಕ್ಲಾಸಿಗಿಂತ ಜಾಸ್ತಿ ಹೊತ್ತು ಲ್ಯಾಬಿನಲ್ಲೇ ಕಳೆದವಳು. ಈ ಪತ್ರ ಒಂದೇ ಒಂದು ಪ್ರಾಕ್ಟಿಕಲ್ ಬಗ್ಗೆ, ಬ್ಯಾಕ್ಟೀರಿಯಲ್ ಟ್ರಾನ್ಸ್‌ಫಾರ್ಮೇಶನ್ ಬಗ್ಗೆ. ಅದನ್ನು ಶುರು ಮಾಡುವ ಮುಂಚೆ ಮಕ್ಕಳು ಬರೆಯಬೇಕಾದ, ಆದರೆ ನಮ್ಮ ಮ್ಯಾನುಯಲ್‌ನಲ್ಲಿ ಇಲ್ಲದ, ಅಪಾಯದ ಅಂದಾಜಿನ ಒಂದು ಹಾಳೆಯ ಬಗ್ಗೆ.

ಮೊದಲು ಒಂದು ಮಧ್ಯಾಹ್ನ ನಡೆದದ್ದನ್ನು ಹೇಳುತ್ತೇನೆ. ಮೂರು ವರ್ಷದ ಹಿಂದಿನ ಮಾತು. ಐದನೇ ಸೆಮಿಸ್ಟರ್ ಬ್ಯಾಚು. ಬ್ಯಾಕ್ಟೀರಿಯಾ ಬೆಳೆಸುವ ಲೋಳೆ, ಅಗಾರ್, ಕುದಿಸಿ ಆರಲು ಇಟ್ಟಿದ್ದೆವು. ಆಂಪಿಸಿಲಿನ್ ಅನ್ನುವ ಆಂಟಿಬಯೋಟಿಕ್‌ನ ಸ್ಟಾಕ್, ಅಂದರೆ ಗಟ್ಟಿ ದ್ರಾವಣ, ಮಾಡು ಅಂತ ಒಬ್ಬ ಹುಡುಗಿಗೆ ಹೇಳಿದೆ. ಒಂದು ಮಿಲಿಲೀಟರ್ ನೀರಿಗೆ 100 ಮಿಲಿಗ್ರಾಂ ಪುಡಿ, ಅಷ್ಟೇ ಕೆಲಸ. ಅವಳು ತಕ್ಕಡಿಯ ಮೇಲೆ ಬಟರ್ ಪೇಪರ್ ಇಟ್ಟಳು, ಸೊನ್ನೆಗೆ ತಂದಳು, ಡಬ್ಬಿ ಕೈಗೆ ತೆಗೆದುಕೊಂಡಳು. ತಲೆಯ ಮೇಲೆ ಫ್ಯಾನ್ ತಿರುಗುತ್ತಿತ್ತು. ಮುಚ್ಚಳ ಅರ್ಧ ತಿರುಗಿಸಿದವಳು ನಿಲ್ಲಿಸಿ ನನ್ನ ಕಡೆ ನೋಡಿದಳು. "ಮೇಡಂ, ಇದು ಪೆನ್ಸಿಲಿನ್ ಥರದ್ದೇ ಅಲ್ವಾ? ನಾನು ಚಿಕ್ಕವಳಿದ್ದಾಗ ಪೆನ್ಸಿಲಿನ್ ಇಂಜೆಕ್ಷನ್ ಕೊಟ್ಟು ಮೈಯೆಲ್ಲಾ ದದ್ದು ಎದ್ದು ಉಸಿರು ಕಟ್ಟಿತ್ತಂತೆ. ಯಾವ ಡಾಕ್ಟರ ಹತ್ತಿರ ಹೋದರೂ ಮೊದಲು ಅದನ್ನು ಹೇಳು ಅಂತಾರೆ ಅಮ್ಮ."

ನಾನು ಡಬ್ಬಿ ಇಸಿದುಕೊಂಡೆ. ಮುಚ್ಚಳ ಹಾಕಿದೆ. ಅವಳನ್ನು ಕಿಟಕಿ ಹತ್ತಿರದ ಬೆಂಚಿಗೆ ಕಳಿಸಿ, ಫ್ಯಾನ್ ಆಫ್ ಮಾಡಿ, ಮಾಸ್ಕ್ ಹಾಕಿಕೊಂಡು ನಾನೇ ತೂಗಿದೆ. ಏನೂ ಆಗಲಿಲ್ಲ. ಆದರೆ ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಆಂಪಿಸಿಲಿನ್ ಪೆನ್ಸಿಲಿನ್ ಗುಂಪಿನದೇ ಔಷಧಿ ಅಂತ ನನಗೆ ಗೊತ್ತಿತ್ತು, ಪಾಠದಲ್ಲಿ ನಾನೇ ಹೇಳಿದ್ದೆ. ಪೆನ್ಸಿಲಿನ್ ಅಲರ್ಜಿ ಇರುವವರಿಗೆ ಅದರ ಪುಡಿ ಮೂಗಿಗೆ ಹೋದರೂ ತೊಂದರೆ ಆಗಬಹುದು ಅಂತಲೂ ಗೊತ್ತಿತ್ತು. ಹತ್ತು ವರ್ಷ ಆ ಪ್ರಾಕ್ಟಿಕಲ್ ಮಾಡಿಸಿದ್ದೆ. ಆದರೂ ಒಬ್ಬೇ ಒಬ್ಬ ವಿದ್ಯಾರ್ಥಿಯನ್ನು "ನಿನಗೆ ಪೆನ್ಸಿಲಿನ್ ಆಗುತ್ತಾ?" ಅಂತ ಕೇಳಿರಲಿಲ್ಲ. ಕೇಳಬೇಕು ಅಂತ ಎಲ್ಲೂ ಬರೆದಿರಲಿಲ್ಲ.

ಈ ಪ್ರಾಕ್ಟಿಕಲ್ ಗೊತ್ತಿಲ್ಲದ ಓದುಗರಿಗೆ ನಾಲ್ಕು ಮಾತು. ಬ್ಯಾಕ್ಟೀರಿಯಾ ಒಳಕ್ಕೆ ಹೊರಗಿನ ಡಿಎನ್‌ಎ ಸೇರಿಸುವುದನ್ನು ಟ್ರಾನ್ಸ್‌ಫಾರ್ಮೇಶನ್ ಅನ್ನುತ್ತಾರೆ. ಇ. ಕೋಲೈ ಬ್ಯಾಕ್ಟೀರಿಯಾವನ್ನು ತಣ್ಣನೆಯ ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣದಲ್ಲಿ ನೆನೆಸಿ, ಪ್ಲಾಸ್ಮಿಡ್ ಅನ್ನುವ ಉಂಗುರದಂಥ ಡಿಎನ್‌ಎ ಸೇರಿಸಿ, ಅರ್ಧ ಗಂಟೆ ಐಸ್ ಮೇಲೆ ಇಟ್ಟು, 42 ಡಿಗ್ರಿ ಬಿಸಿನೀರಿನಲ್ಲಿ ಒಂದು ನಿಮಿಷದ ಆಸುಪಾಸು ಅದ್ದಿ ಮತ್ತೆ ಐಸ್‌ಗೆ ಹಾಕುತ್ತೇವೆ. ಆ ಝಳಕ್ಕೆ ಕೆಲವು ಬ್ಯಾಕ್ಟೀರಿಯಾಗಳು ಡಿಎನ್‌ಎ ಒಳಗೆ ಎಳೆದುಕೊಳ್ಳುತ್ತವೆ. ಪ್ಲಾಸ್ಮಿಡ್‌ನಲ್ಲಿ ಆಂಪಿಸಿಲಿನ್ ತಡೆದುಕೊಳ್ಳುವ ಜೀನ್ ಇರುತ್ತದೆ. ಆಂಪಿಸಿಲಿನ್ ಬೆರೆಸಿದ ಅಗಾರ್ ಪ್ಲೇಟಿನ ಮೇಲೆ ಹರಡಿದರೆ ಪ್ಲಾಸ್ಮಿಡ್ ಸಿಕ್ಕವು ಮಾತ್ರ ಬೆಳೆಯುತ್ತವೆ. ಮಾರನೆಯ ದಿನ ಬೆಳಿಗ್ಗೆ ಪ್ಲೇಟು ತೆಗೆದು ಕಾಲನಿ (ಬ್ಯಾಕ್ಟೀರಿಯಾ ಗುಂಪಾಗಿ ಬೆಳೆದ ಚುಕ್ಕೆ) ನೋಡಿದಾಗ ಮಕ್ಕಳ ಮುಖ ಅರಳುವುದನ್ನು ನೋಡಬೇಕು. ಈ ಪ್ರಾಕ್ಟಿಕಲ್ ನಿಲ್ಲಿಸಿ ಅಂತ ಕೇಳಲು ನಾನು ಬರೆಯುತ್ತಿಲ್ಲ. ಇದು ಪ್ರತಿ ಮಗುವಿಗೂ ಸಿಗಬೇಕು.

ಅಪಾಯ ಅಂದ ತಕ್ಷಣ ಎಲ್ಲರ ಬೆರಳು ಹೋಗುವುದು ಬ್ಯಾಕ್ಟೀರಿಯಾ ಕಡೆಗೆ. "ಇ. ಕೋಲೈ ಅಂತೆ, ಭೇದಿ ಬರುತ್ತಂತೆ" ಅಂತ ಪೋಷಕರೂ ಕೇಳುತ್ತಾರೆ. ನಿಜ ಹೇಳಬೇಕೆಂದರೆ ಆ ಇಡೀ ಮೇಜಿನ ಮೇಲೆ ನಾನು ಕಡಿಮೆ ಹೆದರುವುದು ಆ ಬ್ಯಾಕ್ಟೀರಿಯಾಗೆ. ನಾವು ಬಳಸುವ ಡಿಎಚ್5 ಆಲ್ಫಾ ತಳಿ ಕೆ-12 ವಂಶದ್ದು. ಆ ವಂಶದ ಮೊದಲ ಬ್ಯಾಕ್ಟೀರಿಯಾವನ್ನು 1922ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಒಬ್ಬ ರೋಗಿಯ ಮಲದಿಂದ ಬೇರ್ಪಡಿಸಿದ್ದರು. ಅಂದಿನಿಂದ ಲ್ಯಾಬಿನಲ್ಲೇ ಬೆಳೆದೂ ಬೆಳೆದೂ ಮನುಷ್ಯರ ಕರುಳಿನಲ್ಲಿ ನೆಲೆ ನಿಲ್ಲುವ ಕಸುವನ್ನೇ ಅದು ಕಳೆದುಕೊಂಡಿದೆ. ಆರೋಗ್ಯವಾಗಿರುವ ದೊಡ್ಡವರಿಗೆ ಅದರಿಂದ ಕಾಯಿಲೆ ಬರುವುದಿಲ್ಲ. ಸುರಕ್ಷತೆಯ ಲೆಕ್ಕದಲ್ಲಿ ಅದು ಮೊದಲನೇ, ಅಂದರೆ ಅತಿ ಕಡಿಮೆ ಅಪಾಯದ ಗುಂಪಿನಲ್ಲಿದೆ.

ಇಲ್ಲೇ ನಾವು ಎಡವುವುದು. ಬ್ಯಾಕ್ಟೀರಿಯಾ ಸೇಫ್ ಅಂತ ಹೇಳಿ ಇಡೀ ಪ್ರಾಕ್ಟಿಕಲ್ ಸೇಫ್ ಅಂದುಕೊಂಡುಬಿಡುತ್ತೇವೆ.

ಬಾವಿಯ ಉದಾಹರಣೆ ತೆಗೆದುಕೊಳ್ಳಿ. ಕಟ್ಟೆ ಇರುವ ಬಾವಿ, ಕಟ್ಟೆ ಇಲ್ಲದ ಬಾವಿ, ಎರಡೂ ಅಷ್ಟೇ ಆಳ. ಆದರೆ ಮಕ್ಕಳು ಓಡಾಡುವ ಹಿತ್ತಲಲ್ಲಿ ಕಟ್ಟೆ ಇಲ್ಲದ ಬಾವಿ ಇದ್ದರೆ ಅದರ ಮಾತೇ ಬೇರೆ. ಕೆಮಿಕಲ್ ಬಾಟಲಿಯೂ ಹಾಗೆಯೇ. ಬಾಟಲಿಯಲ್ಲಿ ಏನಿದೆ ಅನ್ನುವುದು ಅರ್ಧ ಪ್ರಶ್ನೆ. ಯಾರು ಮುಟ್ಟುತ್ತಾರೆ, ಎಷ್ಟು ಮುಟ್ಟುತ್ತಾರೆ, ಪಕ್ಕದಲ್ಲಿ ಏನು ಉರಿಯುತ್ತಿದೆ, ಮುಗಿದ ಮೇಲೆ ಅದು ಎಲ್ಲಿಗೆ ಹೋಗುತ್ತದೆ ಅನ್ನುವುದು ಉಳಿದರ್ಧ. ರಿಸ್ಕ್ ಅಸೆಸ್‌ಮೆಂಟ್ ಅಂದರೆ ಈ ಉಳಿದರ್ಧವನ್ನು ಕೆಲಸಕ್ಕೆ ಮುಂಚೆ ಕೂತು ಯೋಚಿಸುವುದು. ನಮ್ಮ ಮ್ಯಾನುಯಲ್‌ಗಳಲ್ಲಿ "ಮುನ್ನೆಚ್ಚರಿಕೆಗಳು" ಅಂತ ಕೊನೆಯಲ್ಲಿ ಮೂರು ಸಾಲು ಇರುತ್ತವೆ. ಗ್ಲೌಸ್ ಹಾಕಿ, ಕೋಟ್ ಹಾಕಿ, ಅಸೆಪ್ಟಿಕ್ ಆಗಿ, ಅಂದರೆ ಬೇರೆ ಸೂಕ್ಷ್ಮಜೀವಿ ಸೇರದ ಹಾಗೆ, ಕೆಲಸ ಮಾಡಿ. ಎಲ್ಲಾ ಪ್ರಯೋಗಕ್ಕೂ ಅದೇ ಮೂರು ಸಾಲು.

ಬೆಂಕಿಯ ಮಾತಿಗೆ ಬರುತ್ತೇನೆ. ಪ್ಲೇಟಿನ ಮೇಲೆ ಬ್ಯಾಕ್ಟೀರಿಯಾ ಹರಡಲು ಎಲ್ ಆಕಾರಕ್ಕೆ ಬಗ್ಗಿಸಿದ ಗಾಜಿನ ಕಡ್ಡಿ ಇರುತ್ತದೆ. ಅದನ್ನು ಬೀಕರ್‌ನಲ್ಲಿರುವ ಆಲ್ಕೋಹಾಲ್‌ಗೆ ಅದ್ದಿ, ಸ್ಪಿರಿಟ್ ಲ್ಯಾಂಪಿಗೆ ಹಿಡಿದು, ಉರಿದು ಆರಿದ ಮೇಲೆ ಬಳಸಬೇಕು. ನಮ್ಮ ಲ್ಯಾಬಿನಲ್ಲಿ ಒಬ್ಬ ಹುಡುಗ, ಬಹಳ ಚೂಟಿ, ಕಡ್ಡಿ ಆರಿದೆ ಅಂದುಕೊಂಡು ಎರಡನೇ ಸಲ ಬೀಕರ್‌ಗೆ ಅದ್ದಿದ. ಆರಿರಲಿಲ್ಲ. ಕಿಟಕಿಯಿಂದ ಬಿಸಿಲು ಬೀಳುತ್ತಿತ್ತು, ಆಲ್ಕೋಹಾಲ್ ಉರಿ ತೆಳು ನೀಲಿ, ಬಿಸಿಲಿನಲ್ಲಿ ಕಾಣುವುದೇ ಇಲ್ಲ. ಬೀಕರ್ ಹೊತ್ತಿಕೊಂಡಿದ್ದು ಅವನಿಗೆ ಗೊತ್ತಾಗಿದ್ದು ಕೈಗೆ ಚುರುಕು ಮುಟ್ಟಿದಾಗ. ಬೆಚ್ಚಿ ಕೈ ಎಳೆದುಕೊಂಡ, ಬೀಕರ್ ಮಗುಚಿತು. ಉರಿಯುವ ಸ್ಪಿರಿಟ್ ಮೇಜಿನ ಮೇಲೆ ಹರಿಯಿತು. ಅಲ್ಲೂ ಉರಿ ಕಾಣಲಿಲ್ಲ. ಪಕ್ಕದ ಹುಡುಗಿಯ ರೆಕಾರ್ಡ್ ಪುಸ್ತಕದ ಮೂಲೆ ಕಂದಾಗಿ, ಕಪ್ಪಾಗಿ, ಮುರುಟಿಕೊಳ್ಳಲು ಶುರುವಾಯಿತಲ್ಲ, ಆಗ ಎಲ್ಲರಿಗೂ ಅರ್ಥವಾಯಿತು. ಒದ್ದೆ ಬಟ್ಟೆ ಹಾಕಿ ಆರಿಸಿದೆವು. ಅವನ ಎರಡು ಬೆರಳಿಗೆ ಬೊಬ್ಬೆ ಬಂತು. ಇಪ್ಪತ್ತು ನಿಮಿಷ ನಲ್ಲಿಯ ಕೆಳಗೆ ಕೈ ಹಿಡಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದೆ.

70 ಪರ್ಸೆಂಟ್ ಆಲ್ಕೋಹಾಲ್ ಸುಮಾರು 17 ಡಿಗ್ರಿಯಲ್ಲೇ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ನಮ್ಮ ಲ್ಯಾಬಿನ ಯಾವ ಮಧ್ಯಾಹ್ನವೂ ಅದಕ್ಕಿಂತ ಬಿಸಿ. ಅಂದರೆ ಸ್ಪಿರಿಟ್ ಬೀಕರ್ ಮತ್ತು ಉರಿಯುವ ಲ್ಯಾಂಪು ಒಂದು ಗೇಣು ದೂರದಲ್ಲಿ ಇದ್ದರೆ ಅನಾಹುತಕ್ಕೆ ಎಲ್ಲಾ ಸಿದ್ಧ ಮಾಡಿಟ್ಟ ಹಾಗೆ. ಇದಕ್ಕೆ ಪರಿಹಾರ ಬಹಳ ಸುಲಭ, ಅದೇ ನನಗೆ ಸಂಕಟ. ಸಣ್ಣ ಗಾಜಿನ ಮಣಿಗಳನ್ನು ಆಟೋಕ್ಲೇವ್ ಮಾಡಿಟ್ಟು (ಪ್ರೆಶರ್ ಕುಕ್ಕರ್ ಥರದ ಯಂತ್ರದಲ್ಲಿ ಹಬೆಯಿಂದ ಸೂಕ್ಷ್ಮಜೀವಿಗಳನ್ನು ಕೊಂದು), ಐದಾರು ಮಣಿ ಪ್ಲೇಟಿಗೆ ಹಾಕಿ ಅತ್ತಿತ್ತ ಅಲ್ಲಾಡಿಸಿದರೆ ಬ್ಯಾಕ್ಟೀರಿಯಾ ಚೆನ್ನಾಗಿ ಹರಡುತ್ತದೆ. ಬೆಂಕಿ ಬೇಡ, ಸ್ಪಿರಿಟ್ ಬೇಡ. ಮಣಿಗಳನ್ನು ಬ್ಲೀಚ್‌ನಲ್ಲಿ ನೆನೆಸಿ, ತೊಳೆದು ಮತ್ತೆ ಬಳಸಬಹುದು. ಆ ಹುಡುಗ ಪ್ರಯೋಗಕ್ಕೆ ಮುಂಚೆ ಐದು ನಿಮಿಷ ಕೂತು "ಇಲ್ಲಿ ಏನು ಹೊತ್ತಿಕೊಳ್ಳಬಹುದು? ಬೆಂಕಿ ಇಲ್ಲದೆ ಮಾಡಲು ಆಗುತ್ತಾ?" ಅಂತ ಬರೆದಿದ್ದರೆ, ಬೇರೆ ದಾರಿಯನ್ನು ಅವನೇ ಹುಡುಕುತ್ತಿದ್ದ. ಅಷ್ಟು ಚೂಟಿ ಇದ್ದ.

ಇನ್ನು ಡಿಎಂಎಫ್, ಪೂರ್ತಿ ಹೆಸರು ಡೈಮಿಥೈಲ್ ಫಾರ್ಮಮೈಡ್. ನೀಲಿ-ಬಿಳಿ ಕಾಲನಿ ನೋಡುವ ಪ್ರಯೋಗಕ್ಕೆ ಎಕ್ಸ್-ಗ್ಯಾಲ್ ಅನ್ನುವ, ಕಾಲನಿಗೆ ನೀಲಿ ಬಣ್ಣ ಬರಿಸುವ ಪುಡಿ ಬೇಕು, ಅದು ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಅದಕ್ಕೆ ಡಿಎಂಎಫ್‌ನಲ್ಲಿ ಕರಗಿಸುತ್ತಾರೆ. ಮ್ಯಾನುಯಲ್‌ನಲ್ಲಿ ಒಂದೇ ಮಾತು, "ಡಿಎಂಎಫ್‌ನಲ್ಲಿ ಕರಗಿಸಿ". ಅದು ಚರ್ಮದ ಮೂಲಕ ಮೈಯೊಳಗೆ ಹೋಗುತ್ತದೆ, ಲಿವರ್‌ಗೆ ಕೆಟ್ಟದ್ದು, ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡಬಹುದಾದದ್ದು. ನಾವು ನಂಬಿಕೊಂಡಿರುವ ನೀಲಿ ನೈಟ್ರೈಲ್ ಗ್ಲೌಸ್ ಇದೆಯಲ್ಲ, ಅದನ್ನು ಡಿಎಂಎಫ್ ಕೆಲವೇ ನಿಮಿಷಗಳಲ್ಲಿ ದಾಟಿಬಿಡುತ್ತದೆ. ಹಾಗಾಗಿ "ಗ್ಲೌಸ್ ಹಾಕಿದ್ದೇನೆ" ಅನ್ನುವ ಧೈರ್ಯ ಇಲ್ಲಿ ಕೆಲಸಕ್ಕೆ ಬಾರದು. ಹನಿ ಬಿದ್ದರೆ ತಕ್ಷಣ ಗ್ಲೌಸ್ ತೆಗೆದು ಕೈ ತೊಳೆದು ಹೊಸದು ಹಾಕಬೇಕು. ನಮ್ಮ ಬಯೋಟೆಕ್ ವಿಭಾಗಗಳಲ್ಲಿ ಪಾಠ ಮಾಡುವ ಹೆಣ್ಣುಮಕ್ಕಳು ಎಷ್ಟು ಜನ ಇದ್ದೇವೆ ನೋಡಿ. ನಾನು ಏಳು ತಿಂಗಳ ಬಸುರಿಯಾಗಿದ್ದಾಗ ಸ್ಟೂಲ್ ಮೇಲೆ ಕೂತು ಈ ಸ್ಟಾಕ್ ಮಾಡಿದ್ದೇನೆ. ನನ್ನ ಮಗಳು ಆರೋಗ್ಯವಾಗಿದ್ದಾಳೆ. ಆದರೆ ಆವತ್ತು ನನಗೆ ಹೇಳುವವರು ಇರಬೇಕಿತ್ತು ಅಲ್ವಾ?

ಬಿಎಸ್ಸಿ ಮಕ್ಕಳ ಕೈಗೆ ಡಿಎಂಎಫ್ ಬಾಟಲಿ ಕೊಡುವ ಅಗತ್ಯವೇ ಇಲ್ಲ. ಎಕ್ಸ್-ಗ್ಯಾಲ್ ಡಿಎಂಎಸ್‌ಒ ಅನ್ನುವ ಇನ್ನೊಂದು ದ್ರಾವಕದಲ್ಲೂ ಕರಗುತ್ತದೆ. ಅದೂ ಚರ್ಮದ ಮೂಲಕ ಬೇರೆ ವಸ್ತುಗಳನ್ನು ಒಳಕ್ಕೆ ಒಯ್ಯುತ್ತದೆ, ಹಾಗಾಗಿ ಹುಷಾರು ಬೇಕು, ಆದರೆ ಡಿಎಂಎಫ್‌ನಷ್ಟು ಕೆಟ್ಟದ್ದಲ್ಲ. ಅಥವಾ ಫ್ಯೂಮ್ ಹುಡ್ (ಆವಿಯನ್ನು ಹೊರಕ್ಕೆ ಎಳೆಯುವ ಗೂಡು) ಇರುವ ಕಡೆ ಒಬ್ಬರು ಸ್ಟಾಕ್ ಮಾಡಿ ಸಣ್ಣ ಟ್ಯೂಬುಗಳಲ್ಲಿ ಹಂಚಬಹುದು.

ಕ್ಯಾಲ್ಸಿಯಂ ಕ್ಲೋರೈಡ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕರಗಿಸುವಾಗ ಬಿಸಿಯಾಗುತ್ತದೆ, ಕಣ್ಣಿಗೆ ಬಿದ್ದರೆ ಉರಿಯುತ್ತದೆ, ಕನ್ನಡಕ ಹಾಕಿದರೆ ಸಾಕು. ಮೈಕ್ರೋವೇವ್‌ನಿಂದ ತೆಗೆದ ಅಗಾರ್ ಮಾತ್ರ ಸುಮ್ನೆ ನಿಂತಿರುವಂತೆ ಕಂಡು, ಅಲ್ಲಾಡಿಸಿದ ತಕ್ಷಣ ಉಕ್ಕಿ ಕೈಮೇಲೆ ಬರುತ್ತದೆ. ಪಾಯಸ ಕೈಮೇಲೆ ಬಿದ್ದರೆ ಹೇಗೆ ಅಂಟಿಕೊಂಡು ಸುಡುತ್ತದೋ ಹಾಗೆ. ಲ್ಯಾಮಿನಾರ್, ಅಂದರೆ ಸೋಸಿದ ಗಾಳಿ ಬೀಸುವ ಗೂಡು, ಅದರ ಒಳಗಿನ ಯುವಿ ಲೈಟ್ ಆರಿಸದೆ ಕೈ ಹಾಕಿದರೆ, ಇಣುಕಿ ನೋಡಿದರೆ, ಆಗ ಏನೂ ಗೊತ್ತಾಗುವುದಿಲ್ಲ, ರಾತ್ರಿ ಮಲಗಿದಾಗ ಕಣ್ಣಿಗೆ ಮರಳು ಹಾಕಿದ ಹಾಗೆ ಉರಿ ಶುರುವಾಗುತ್ತದೆ. ಇವೆಲ್ಲ ಒಂದೊಂದು ಸಾಲಿನ ವಿಷಯ. ಆದರೆ ಆ ಒಂದೊಂದು ಸಾಲನ್ನು ಮಗು ತಾನೇ ಬರೆಯಬೇಕು.

ಈಗ ನನಗೆ ಎಲ್ಲಕ್ಕಿಂತ ಜಾಸ್ತಿ ಹೇಳಬೇಕಾಗಿರುವುದು.

ಪ್ರಾಕ್ಟಿಕಲ್ ನಾಲ್ಕೂವರೆಗೆ ಮುಗಿಯುತ್ತದೆ. ಮಕ್ಕಳು ಬಸ್ಸಿಗೆ ಓಡುತ್ತಾರೆ. ನಾವು ಅಟೆಂಡೆನ್ಸ್ ಬರೆದು ಸ್ಟಾಫ್ ರೂಮಿಗೆ ಹೋಗುತ್ತೇವೆ. ಲ್ಯಾಬಿನಲ್ಲಿ ಉಳಿಯುವುದು ಅಟೆಂಡರ್ ಅಕ್ಕ ಒಬ್ಬರೇ. ಎರಡು ದಿನದ ಹಿಂದಿನ ಬ್ಯಾಚಿನ ಗಾಜಿನ ಪ್ಲೇಟುಗಳು ಪ್ಲಾಸ್ಟಿಕ್ ಟಬ್‌ನಲ್ಲಿ ರಾಶಿ ಬಿದ್ದಿರುತ್ತವೆ. ಒಂದೊಂದು ಪ್ಲೇಟಿನಲ್ಲೂ ಆಂಪಿಸಿಲಿನ್‌ಗೆ ಜಗ್ಗದ ಬ್ಯಾಕ್ಟೀರಿಯಾ, ಕೋಟಿಗಟ್ಟಲೆ. ಅವನ್ನು ಆಟೋಕ್ಲೇವ್ ಮಾಡಿಯೇ ತೊಳೆಯಬೇಕು, 121 ಡಿಗ್ರಿಯಲ್ಲಿ, 15 ಪೌಂಡ್ ಒತ್ತಡದಲ್ಲಿ, ರಾಶಿ ದೊಡ್ಡದಿದ್ದರೆ ಅರ್ಧ ಗಂಟೆಗೂ ಜಾಸ್ತಿ. ಆದರೆ ಕರೆಂಟ್ ಹೋಗಿರುತ್ತದೆ, ಗ್ಯಾಸ್ಕೆಟ್ ಹಾಳಾಗಿರುತ್ತದೆ, ನಾಳೆ ಬೆಳಿಗ್ಗೆ ಇನ್ನೊಂದು ಬ್ಯಾಚಿಗೆ ಅದೇ ಪ್ಲೇಟು ಬೇಕಾಗಿರುತ್ತದೆ. ಅಕ್ಕ ಚಮಚದಲ್ಲಿ ಅಗಾರ್ ಕೆರೆದು ಸಿಂಕಿಗೆ ತಳ್ಳಿ, ಬರಿಗೈಯಲ್ಲಿ ಸ್ಕ್ರಬರ್ ಹಾಕಿ ಉಜ್ಜುವುದನ್ನು ನಾನು ನೋಡಿದ್ದೇನೆ. ಒಂದು ದಿನ ಅವರ ತೋರುಬೆರಳಿಗೆ ಬಟ್ಟೆ ಕಟ್ಟಿತ್ತು, ಬಟ್ಟೆಯೆಲ್ಲ ಅರಿಶಿನ. ಏನಾಯ್ತು ಅಂದೆ. "ಮುರಿದ ಪಿಪೆಟ್ಟು ಟಬ್ಬಿನ ತಳದಲ್ಲಿತ್ತು ಮೇಡಂ, ಕಾಣಲಿಲ್ಲ" ಅಂದರು. ಆ ಪಿಪೆಟ್ಟು ಹಾಕಿದ್ದು ನನ್ನ ಬ್ಯಾಚಿನ ಮಕ್ಕಳು.

ಇನ್ನೊಂದು ದಿನ ಇದಕ್ಕಿಂತ ಹೆಚ್ಚು ಹೆದರಿಕೆ ಆಯಿತು. ಟ್ಯೂಬುಗಳನ್ನು ನೆನೆಸಲು ಬಕೆಟ್‌ನಲ್ಲಿ ಬ್ಲೀಚ್ ನೀರು ಮಾಡಿಟ್ಟಿದ್ದೆ. ಸಿಂಕಿನ ಕಲೆ ಹೋಗಲಿ ಅಂತ ಅಕ್ಕ ಆ ಬಕೆಟ್ ಸಿಂಕಿಗೆ ಸುರಿದು, ಅದರ ಮೇಲೆ ಟಾಯ್ಲೆಟ್ ತೊಳೆಯುವ ಆಸಿಡ್ ಹಾಕಿದರು. ಬ್ಲೀಚ್‌ಗೆ ಆಸಿಡ್ ಬಿದ್ದರೆ ಕ್ಲೋರಿನ್ ಗ್ಯಾಸ್ ಬರುತ್ತದೆ. ನಾನು ಕಾರಿಡಾರಿನಲ್ಲಿದ್ದೆ, ಕೆಮ್ಮಿನ ಸದ್ದು ಕೇಳಿ ಓಡಿದೆ. ಅಕ್ಕ ಸೆರಗು ಮೂಗಿಗೆ ಒತ್ತಿಕೊಂಡು, ಕಣ್ಣು ನೀರಾಗಿ, ಬಾಗಿಲ ಹತ್ತಿರ ಗೋಡೆ ಹಿಡಿದು ನಿಂತಿದ್ದರು. ಹೊರಗೆ ಕರೆದುಕೊಂಡು ಬಂದು ಕಿಟಕಿಯೆಲ್ಲ ತೆರೆಸಿದೆ. ಎರಡು ದಿನ ಅವರಿಗೆ ಎದೆ ಉರಿ, ಕೆಮ್ಮು. ಅವರು ನನಗೆ ಹೇಳಿದ ಮಾತು: "ಎರಡೂ ಕ್ಲೀನ್ ಮಾಡೋದೇ ಅಲ್ವಾ ಮೇಡಂ, ಸೇರಿಸಿದರೆ ಇನ್ನೂ ಚೆನ್ನಾಗಿ ಹೋಗುತ್ತೆ ಅಂದುಕೊಂಡೆ."

ಅವರ ತಪ್ಪಲ್ಲ ಅದು. ಬಕೆಟ್ ಮೇಲೆ ನಾನು ಬರೆದಿದ್ದು ಇಂಗ್ಲಿಷಿನಲ್ಲಿ. ಪ್ರತಿ ಕೆಮಿಕಲ್ ಜೊತೆ ಬರುವ ಸುರಕ್ಷತಾ ಮಾಹಿತಿ ಹಾಳೆಯಲ್ಲಿ 16 ಭಾಗ ಇರುತ್ತವೆ, ಅದೂ ಇಂಗ್ಲಿಷಿನಲ್ಲೇ. ಅಕ್ಕ ಏಳನೇ ಕ್ಲಾಸಿನವರೆಗೆ ಕನ್ನಡ ಶಾಲೆಯಲ್ಲಿ ಓದಿದವರು. ಪೇಪರ್ ಓದುತ್ತಾರೆ, ಚೀಟಿ ಹಣದ ಲೆಕ್ಕ ಬರೆಯುತ್ತಾರೆ. "ಇದಕ್ಕೆ ಆಸಿಡ್ ಹಾಕಬೇಡಿ, ವಿಷದ ಗಾಳಿ ಬರುತ್ತದೆ" ಅಂತ ಕನ್ನಡದಲ್ಲಿ ಒಂದು ಸಾಲು ಬರೆದಿದ್ದರೆ ಸಾಕಾಗುತ್ತಿತ್ತು. ಈಗ ಬರೆದಿದ್ದೇನೆ. ಬ್ಲೀಚ್ ಹಾಕಿದ ಸಾಮಾನನ್ನು ಆಟೋಕ್ಲೇವ್ ಒಳಗೆ ಇಡಬೇಡಿ ಅಂತಲೂ ಬರೆದಿದ್ದೇನೆ. ಡಿಎನ್‌ಎ ಕಣ್ಣಿಗೆ ಕಾಣುವಂತೆ ಮಾಡುವ ಬಣ್ಣ ಎಥಿಡಿಯಂ ಬ್ರೋಮೈಡ್, ಅದು ಸೇರಿದ ಜೆಲ್‌ಗೆ ಕೆಂಪು ಮುಚ್ಚಳದ ಬೇರೆಯೇ ಡಬ್ಬಿ ಇಟ್ಟು, "ಇದನ್ನು ನೀವು ಮುಟ್ಟಲೇಬೇಡಿ ಅಕ್ಕ" ಅಂತ ಬರೆದಿದ್ದೇನೆ, ಯಾಕೆಂದರೆ ಅದು ಡಿಎನ್‌ಎ ಏಣಿಯ ಮೆಟ್ಟಿಲುಗಳ ಮಧ್ಯೆ ತೂರಿಕೊಳ್ಳುವ ವಸ್ತು.

ಮ್ಯಾನುಯಲ್‌ಗಳಲ್ಲಿ ಅಪಾಯ ಅಂದರೆ ಪ್ರಯೋಗ ಮಾಡುವವರಿಗೆ ಮಾತ್ರ. ಪ್ರಯೋಗ ಮುಗಿದ ಮೇಲೆ ಕೆಲಸ ಶುರು ಮಾಡುವವರು ಲೆಕ್ಕಕ್ಕೇ ಬರುವುದಿಲ್ಲ.

ಅದೇ ವಸ್ತು ಒಬ್ಬರಿಗೆ ಏನೂ ಮಾಡದೆ ಇನ್ನೊಬ್ಬರಿಗೆ ಪ್ರಾಣಕ್ಕೇ ಬರಬಹುದು ಅನ್ನುವುದಕ್ಕೆ ನಮ್ಮ ಕ್ಷೇತ್ರದಲ್ಲೇ ಒಂದು ದುಃಖದ ಉದಾಹರಣೆ ಇದೆ. ಮಾಲ್ಕಂ ಕಸಾಡಬಾನ್ ಅಂತ ಶಿಕಾಗೋ ವಿಶ್ವವಿದ್ಯಾಲಯದ ಜೀವವಿಜ್ಞಾನಿ. ಲ್ಯಾಕ್ ಜೀನ್ ಬೆಸೆದು ಬೇರೆ ಜೀನುಗಳ ಕೆಲಸ ಅಳೆಯುವ ವಿಧಾನದಲ್ಲಿ ದೊಡ್ಡ ಹೆಸರು. ಅವರು ಕಟ್ಟಿದ ಎಂಸಿ1061 ಅನ್ನುವ ಇ. ಕೋಲೈ ತಳಿಯನ್ನು ಇಂದಿಗೂ ಟ್ರಾನ್ಸ್‌ಫಾರ್ಮೇಶನ್‌ಗೆ ಬಳಸುತ್ತಾರೆ. ಅವರು ಪ್ಲೇಗ್ ಬ್ಯಾಕ್ಟೀರಿಯಾದ ಮೇಲೆ ಕೆಲಸ ಮಾಡುತ್ತಿದ್ದರು, ಆದರೆ ಶಕ್ತಿಗುಂದಿಸಿದ ತಳಿ. ದೇಹದಿಂದ ಕಬ್ಬಿಣ ಎಳೆದುಕೊಳ್ಳುವ ಸಾಮರ್ಥ್ಯವನ್ನೇ ಅದರಿಂದ ತೆಗೆದುಹಾಕಿದ್ದರು, ಕಬ್ಬಿಣ ಇಲ್ಲದೆ ಅದು ಮೈಯಲ್ಲಿ ಬೆಳೆಯಲಾರದು, ಹಾಗಾಗಿ ಅಪಾಯವಿಲ್ಲ ಅಂತ ಎಲ್ಲರ ನಂಬಿಕೆ. 2009ರ ಸೆಪ್ಟೆಂಬರ್‌ನಲ್ಲಿ ಅವರು ಅದೇ ಸೋಂಕಿನಿಂದ ತೀರಿಹೋದರು. 60 ವರ್ಷ. ಆಮೇಲೆ ಪರೀಕ್ಷೆ ಮಾಡಿದಾಗ ಅವರಿಗೆ ದೇಹದಲ್ಲಿ ಕಬ್ಬಿಣ ಮಿತಿಮೀರಿ ಸೇರಿಕೊಳ್ಳುವ ವಂಶಪಾರಂಪರ್ಯ ತೊಂದರೆ ಇತ್ತು ಅಂತ ಗೊತ್ತಾಯಿತು. ಬ್ಯಾಕ್ಟೀರಿಯಾಗೆ ಇಲ್ಲದ್ದನ್ನು ಅವರ ಮೈಯೇ ಒದಗಿಸಿರಬಹುದು ಅಂತ ತಜ್ಞರು ಬರೆದರು. ಆ ತಳಿ ಸೇಫ್ ಅನ್ನುವ ಮಾತು ಬೇರೆಯವರ ಮಟ್ಟಿಗೆ ನಿಜವೇ ಆಗಿತ್ತು. ಅವರೊಬ್ಬರ ಮಟ್ಟಿಗೆ ಆಗಿರಲಿಲ್ಲ.

ಇದನ್ನು ಓದಿದಾಗ ನನಗೆ ನೆನಪಾಗಿದ್ದು ಮುಚ್ಚಳ ಅರ್ಧ ತಿರುಗಿಸಿ ನಿಂತಿದ್ದ ಆ ಹುಡುಗಿ.

ಲ್ಯಾಬಿನಿಂದ ಮನೆಗೆ ಏನು ಹೋಗುತ್ತದೆ ಅನ್ನುವುದೂ ಇದರಲ್ಲಿ ಬರಬೇಕು. 2010-11ರಲ್ಲಿ ಅಮೆರಿಕದ 38 ರಾಜ್ಯಗಳಲ್ಲಿ 109 ಜನಕ್ಕೆ ಒಂದೇ ತಳಿಯ ಸಾಲ್ಮೊನೆಲ್ಲಾ ಸೋಂಕು ತಗುಲಿತು. ಜಾಡು ಹಿಡಿದು ಹೋದರೆ ಸಿಕ್ಕಿದ್ದು ಮೈಕ್ರೋಬಯಾಲಜಿ ಲ್ಯಾಬುಗಳು, ಅದರಲ್ಲೂ ಪಾಠದ ಲ್ಯಾಬುಗಳು. ಅಲ್ಲಿ ಕಲಿಯುವವರ, ಕೆಲಸ ಮಾಡುವವರ ಮನೆಯ ಚಿಕ್ಕ ಮಕ್ಕಳಿಗೂ ಕಾಯಿಲೆ ಬಂದಿತ್ತು. ಪೆನ್ನು, ನೋಟ್‌ಬುಕ್, ಫೋನು ಲ್ಯಾಬಿನಿಂದ ಮನೆಗೆ ಓಡಾಡುತ್ತವೆ, ಹುಷಾರು ಅಂತ ಅಲ್ಲಿನ ಆರೋಗ್ಯ ಇಲಾಖೆ ಎಚ್ಚರಿಸಿತು. ನಮ್ಮ ಕೆ-12 ಅಂಥದ್ದಲ್ಲ, ಒಪ್ಪುತ್ತೇನೆ. ಆದರೆ ಅದೇ ಮೇಜಿನ ಮೇಲೆ ಹಿಂದಿನ ದಿನ ಮೈಕ್ರೋಬಯಾಲಜಿ ಬ್ಯಾಚಿನವರು ಏನು ಬೆಳೆಸಿದ್ದರು? ನಮ್ಮ ಮಕ್ಕಳು ಪ್ಲೇಟು ಹಿಡಿದ ಕೈಯಲ್ಲೇ ಫೋನ್ ತೆಗೆದು ಕಾಲನಿ ಫೋಟೋ ಹೊಡೆಯುತ್ತಾರೆ, ಅದೇ ಫೋನನ್ನು ಬಸ್ಸಿನಲ್ಲಿ ಕಿವಿಗೆ ಇಡುತ್ತಾರೆ.

ಈ ಪ್ರಯೋಗದ ಚರಿತ್ರೆ ನಿಮಗೆ ಗೊತ್ತಿರುವುದೇ, ಆದರೂ ನೆನಪಿಸುತ್ತೇನೆ. ಕ್ಯಾಲ್ಸಿಯಂ ಕ್ಲೋರೈಡ್ ಹಾಕಿದರೆ ಇ. ಕೋಲೈ ಹೊರಗಿನ ಡಿಎನ್‌ಎ ತೆಗೆದುಕೊಳ್ಳುತ್ತದೆ ಅಂತ ಮ್ಯಾಂಡೆಲ್ ಮತ್ತು ಹಿಗಾ ತೋರಿಸಿದ್ದು 1970ರಲ್ಲಿ. ಎರಡು ವರ್ಷದಲ್ಲಿ ಸ್ಟ್ಯಾನ್ಲಿ ಕೋಹೆನ್ ತಂಡ ಅದೇ ವಿಧಾನದಿಂದ ಪ್ಲಾಸ್ಮಿಡ್ ಸೇರಿಸಿತು. 1974ರ ಜುಲೈನಲ್ಲಿ ಪಾಲ್ ಬರ್ಗ್ ಮುಂದಾಳತ್ವದಲ್ಲಿ 11 ವಿಜ್ಞಾನಿಗಳು, ಕೋಹೆನ್ ಕೂಡ ಅದರಲ್ಲಿದ್ದರು, ಒಂದು ಪತ್ರ ಪ್ರಕಟಿಸಿದರು. ಅಪಾಯ ಎಷ್ಟು ಅಂತ ಅಂದಾಜು ಮಾಡುವವರೆಗೆ ಕೆಲವು ಪ್ರಯೋಗಗಳನ್ನು ನಾವಾಗಿಯೇ ನಿಲ್ಲಿಸೋಣ ಅಂತ. ಅವರು ಹೆಸರಿಸಿದ ಮೊದಲ ಬಗೆಯ ಪ್ರಯೋಗಗಳಲ್ಲಿ, ಆಂಟಿಬಯೋಟಿಕ್ ತಡೆಯುವ ಜೀನನ್ನು ಅದಿಲ್ಲದ ಬ್ಯಾಕ್ಟೀರಿಯಾಗಳಿಗೆ ಸೇರಿಸುವುದೂ ಇತ್ತು. ಮರುವರ್ಷ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದ ಅಸಿಲೊಮಾರ್‌ನಲ್ಲಿ ಸೇರಿ, ಯಾವ ಪ್ರಯೋಗಕ್ಕೆ ಎಷ್ಟು ಕಟ್ಟುನಿಟ್ಟು ಬೇಕು ಅಂತ ಶ್ರೇಣಿ ಮಾಡಿದರು. ಈ ವಿದ್ಯೆ ಕಂಡುಹಿಡಿದವರೇ ಮೊದಲು ಕುಳಿತು ಅಪಾಯದ ಲೆಕ್ಕ ಹಾಕಿದ್ದರು. ನಾವು ಮಕ್ಕಳಿಗೆ ಪ್ರಯೋಗ ಕಲಿಸಿದೆವು, ಆ ಕೂತು ಯೋಚಿಸುವ ಅಭ್ಯಾಸ ಕಲಿಸಲಿಲ್ಲ.

ನಮ್ಮ ದೇಶದಲ್ಲಿ ಕಾನೂನು ಇಲ್ಲ ಅಂತಲ್ಲ. 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ 1989ರಲ್ಲಿ ಬಂದ ನಿಯಮಗಳ ಪ್ರಕಾರ, ಜೀನ್ ಬದಲಿಸಿದ ಸೂಕ್ಷ್ಮಜೀವಿಗಳ ಮೇಲೆ ಕೆಲಸ ಮಾಡುವ ಸಂಸ್ಥೆಯಲ್ಲಿ ಜೈವಿಕ ಸುರಕ್ಷತಾ ಸಮಿತಿ ಇರಬೇಕು. ಅದರಲ್ಲಿ ಸಂಸ್ಥೆಯ ಮುಖ್ಯಸ್ಥರು, ಡಿಎನ್‌ಎ ಕೆಲಸ ಮಾಡುವ ವಿಜ್ಞಾನಿಗಳು, ಕೇಂದ್ರ ಬಯೋಟೆಕ್ನಾಲಜಿ ಇಲಾಖೆಯ ಒಬ್ಬರು, ಜೊತೆಗೆ ಒಬ್ಬ ವೈದ್ಯಕೀಯ ತಜ್ಞರು. ವೈದ್ಯರನ್ನು ಯಾಕೆ ಸೇರಿಸಿದ್ದಾರೆ ಯೋಚಿಸಿ. ಯಾರ ಮೈಗೆ ಯಾವ ವಸ್ತು ಒಗ್ಗುವುದಿಲ್ಲ ಅಂತ ಕೇಳುವವರು ಒಬ್ಬರಾದರೂ ಇರಲಿ ಅಂತ ಅಲ್ವಾ? ಪ್ರಿನ್ಸಿಪಾಲರೇ, ನಿಮ್ಮ ಕಾಲೇಜಿನ ಸಮಿತಿ ಕೊನೆಯ ಸಲ ಸೇರಿದ್ದು ಯಾವಾಗ, ಆ ವೈದ್ಯರು ಲ್ಯಾಬಿನ ಒಳಗೆ ಬಂದು ನೋಡಿದ್ದಾರಾ ಅಂತ ದಯವಿಟ್ಟು ಒಮ್ಮೆ ವಿಚಾರಿಸಿ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳಲ್ಲಿ ಶಿಕ್ಷಣ ಸಂಸ್ಥೆಗಳ ಹೆಸರೂ ಇದೆ. ನಮ್ಮ ಪ್ಲೇಟುಗಳನ್ನು ಸಿಂಕಿಗೆ ಕೆರೆದು ಹಾಕುವ ಮುಂಚೆ ಅದನ್ನೂ ಓದಿ.

ನಾನು ಕೇಳುತ್ತಿರುವುದು ದೊಡ್ಡದಲ್ಲ. ಟ್ರಾನ್ಸ್‌ಫಾರ್ಮೇಶನ್ ಪ್ರಾಕ್ಟಿಕಲ್‌ನ ರೆಕಾರ್ಡಿನಲ್ಲಿ "ಉದ್ದೇಶ" ಬರೆಯುವ ಮುಂಚೆ ಒಂದು ಹಾಳೆ ಸೇರಿಸಿ. ಅದಕ್ಕೆ ಇಂಟರ್ನಲ್ ಮಾರ್ಕ್ಸ್‌ನಲ್ಲಿ ಐದು ಅಂಕ ಇಡಿ, ಅಂಕ ಇಲ್ಲದಿದ್ದರೆ ಯಾರೂ ಬರೆಯುವುದಿಲ್ಲ. ಆ ಹಾಳೆ ಕೆಮಿಕಲ್ ಪಟ್ಟಿಯಿಂದ ಶುರುವಾಗದೆ ಜನರಿಂದ ಶುರುವಾಗಲಿ. ಇವತ್ತು ಈ ವಸ್ತುಗಳನ್ನು ಯಾರ್ಯಾರು ಮುಟ್ಟುತ್ತಾರೆ, ಅವರಲ್ಲಿ ಯಾರಿಗೆ ಅಲರ್ಜಿ, ಅಸ್ತಮಾ, ಯಾರು ಬಸುರಿ, ಯಾರ ಕೈಯಲ್ಲಿ ಗಾಯ ಇದೆ. ಹೇಳಿಕೊಳ್ಳಲು ಸಂಕೋಚ ಇರುವವರು ಎಲ್ಲರ ಮುಂದೆ ಬರೆಯುವುದು ಬೇಡ, ಮೇಡಂ ಕಿವಿಯಲ್ಲಿ ಹೇಳಿದರೆ ಸಾಕು. ಆಮೇಲೆ ಪ್ರತಿ ಹಂತದಲ್ಲಿ ಏನು ಚೆಲ್ಲಬಹುದು, ಏನು ಹೊತ್ತಿಕೊಳ್ಳಬಹುದು, ಹಾಗೇನಾದರೂ ಆದರೆ ಮೊದಲ ಒಂದು ನಿಮಿಷದಲ್ಲಿ ಏನು ಮಾಡುತ್ತೇನೆ. ಈ ವಸ್ತುವಿನ ಬದಲು ಬೇರೆ ಇದೆಯಾ. ಕೊನೆಗೆ, ಮುಗಿದ ಮೇಲೆ ಪ್ರತಿಯೊಂದು ಎಲ್ಲಿಗೆ ಹೋಗುತ್ತದೆ, ಯಾರ ಕೈಯಿಂದ ಹೋಗುತ್ತದೆ, ಅವರ ಹೆಸರು. ಹೆಸರು ಬರೆಸಿ. "ಸಹಾಯಕ ಸಿಬ್ಬಂದಿ" ಅಂತ ಬೇಡ.

ಕಾಪಿ ಹೊಡೆಯುತ್ತಾರೆ ಅಂತ ನೀವು ಹೇಳುವುದು ನನಗೆ ಗೊತ್ತು. ಸೀನಿಯರ್ ರೆಕಾರ್ಡ್ ನೋಡಿ ಬರೆಯುವುದು ನಮ್ಮಲ್ಲಿ ಹೊಸದಲ್ಲ. ಆದರೆ ಇವತ್ತಿನ ಬೆಂಚಿನ ಬಗ್ಗೆ ಕೇಳಿದರೆ ಕಾಪಿ ಹೊಡೆಯಲು ಆಗುವುದಿಲ್ಲ. ನಿನ್ನ ಬೆಂಚಿನಿಂದ ನಲ್ಲಿಗೆ ಎಷ್ಟು ಹೆಜ್ಜೆ? ಬೆಂಕಿ ಆರಿಸುವ ಸಿಲಿಂಡರ್ ಮೇಲೆ ಯಾವ ತಾರೀಖು ಬರೆದಿದೆ? ಇವತ್ತು ಆಟೋಕ್ಲೇವ್ ಕೆಲಸ ಮಾಡುತ್ತಿದೆಯಾ, ಯಾರನ್ನು ಕೇಳಿ ತಿಳಿದುಕೊಂಡೆ? ಎರಡು ವರ್ಷದಿಂದ ನನ್ನ ಬ್ಯಾಚುಗಳಲ್ಲಿ ಅಂಕ ಇಲ್ಲದೆಯೇ ಇದನ್ನು ಬರೆಸುತ್ತಿದ್ದೇನೆ. ಒಬ್ಬ ಹುಡುಗ ಬರೆದಿದ್ದ, "ನನ್ನ ಲ್ಯಾಬ್ ಕೋಟನ್ನು ಅಜ್ಜಿ ಮನೆಯ ಬಟ್ಟೆ ಜೊತೆ ಒಗೆಯುತ್ತಾರೆ. ಅಜ್ಜಿಗೆ ಕೀಮೋ ನಡೆಯುತ್ತಿದೆ. ಏನು ಮಾಡಲಿ?" ಕೋಟುಗಳನ್ನು ಲ್ಯಾಬಿನಲ್ಲೇ ಬಿಟ್ಟು ಹೋಗಲು ಮೊಳೆ ಹೊಡೆಸಿದ್ದು ಆ ಪ್ರಶ್ನೆ ಬಂದ ಮೇಲೆ. ಅಲ್ಲಿಯವರೆಗೆ ನನಗೆ ಹೊಳೆದಿರಲಿಲ್ಲ.

ದುಡ್ಡಿನ ಮಾತು ಬಂದರೆ, ಗಾಜಿನ ಮಣಿ, ದಪ್ಪ ರಬ್ಬರ್ ಗ್ಲೌಸ್ ಎರಡು ಜೊತೆ, ಮುರಿದ ಗಾಜಿಗೆ ಒಂದು ಗಟ್ಟಿ ಡಬ್ಬಿ, ಕನ್ನಡದಲ್ಲಿ ಬರೆದ ಲೇಬಲ್ಲು. ಆಟೋಕ್ಲೇವ್‌ಗೆ ಒಂದು ಗ್ಯಾಸ್ಕೆಟ್. ಆಟೋಕ್ಲೇವ್‌ಗೆ ಹಾಕುವ ಸಾಮಾನಿಗೆ ಅಂಟಿಸುವ ಟೇಪಿನ ಮೇಲೆ ಕಪ್ಪು ಗೆರೆ ಬಂದರೆ ಬಿಸಿ ತಗುಲಿದೆ ಅಂತ ಮಾತ್ರ ಅರ್ಥ, ಒಳಗಿನದ್ದು ಸತ್ತಿದೆ ಅಂತಲ್ಲ, ಹಾಗಾಗಿ ಬಿಸಿಗೆ ಸುಲಭವಾಗಿ ಸಾಯದ ಬ್ಯಾಕ್ಟೀರಿಯಾ ಬೀಜಕಗಳ ಪಟ್ಟಿ (ಸ್ಪೋರ್ ಪಟ್ಟಿ) ಹಾಕಿ ಆಗಾಗ ಪರೀಕ್ಷೆ. ಇದಕ್ಕೆ ಯಾವ ದೊಡ್ಡ ಅನುದಾನವೂ ಬೇಡ.

ನಮ್ಮ ಅಕ್ಕನಿಗೆ ಇನ್ನೆರಡು ವರ್ಷ ಸರ್ವಿಸ್ ಇದೆ. ಯಾವ ಸಿಂಕಿನ ಪೈಪು ಕಟ್ಟಿಕೊಳ್ಳುತ್ತದೆ, ಯಾವ ಬ್ಯಾಚು ಟ್ಯೂಬಿನ ಮುಚ್ಚಳ ಹಾಕದೆ ಎಸೆಯುತ್ತದೆ, ಕುಕ್ಕರಿನ ವಾಲ್ವ್ ಯಾವಾಗ ಸದ್ದು ಬದಲಿಸುತ್ತದೆ, ಎಲ್ಲಾ ಅವರಿಗೆ ಗೊತ್ತು, ನನಗಿಂತ ಜಾಸ್ತಿ. ಮ್ಯಾನುಯಲ್ ಪರಿಷ್ಕರಣೆಗೆ ಮಂಡಳಿ ಸೇರುವ ದಿನ ಅವರಿಗೆ ಅರ್ಧ ಗಂಟೆ ಕೊಡಿ. ರಜೆ ಹಾಕಿ ನಾನೇ ಅವರನ್ನು ಕರೆದುಕೊಂಡು ಬರುತ್ತೇನೆ. ತಾರೀಖು ತಿಳಿಸಿ.

ಇಂತಿ,
ಒಂದು ಪದವಿ ಕಾಲೇಜಿನ ಬಯೋಟೆಕ್ ಉಪನ್ಯಾಸಕಿ